ಅಪರಿಮಿತ ಬಲ, ಅಸ್ಥಿರ ಚಿತ್ತ

ಶಕ್ತಿಗೆ ಎಲ್ಲೆಯೇ ಇಲ್ಲದ, ಆದರೆ ಚಿತ್ತ ಮಾತ್ರ ಸ್ವಸ್ಥವಾಗಿಲ್ಲದ ಒಬ್ಬ ಪುರುಷನನ್ನು ಕಲ್ಪಿಸಿಕೊಂಡೆವೆನ್ನೋಣ. ನಿನ್ನೆ ಇದ್ದವನೇ ಇಂದೂ ಇದ್ದಾನೆಂದು ಅವನ ವಿಷಯದಲ್ಲಿ ನಾವು ಯಾವ ಆಧಾರದಿಂದ ಹೇಳಬಲ್ಲೆವು? ನಮ್ಮ ನಿಮ್ಮಂಥ ಸಾಮಾನ್ಯ ಮನುಷ್ಯನನ್ನು ಗುರುತಿಸುವುದಕ್ಕೆ ಎರಡು ಆಧಾರಗಳುಂಟು: ಅವನ ಕೈಯಲ್ಲಿ ಏನು ಆಗದು ಎಂಬುದು ಒಂದು, ಆಗುವಂತಿದ್ದರೂ ಅವನು ಏನನ್ನು ಮಾಡಲೊಲ್ಲನು ಎಂಬುದು ಇನ್ನೊಂದು. ಮೊದಲನೆಯದು ಶಕ್ತಿಯ ಮೇರೆ. ಎರಡನೆಯದು ಶೀಲದ ಮೇರೆ. ಈ ಎರಡು ಮೇರೆಗಳೂ ಅಳಿಸಿಹೋದ ಮೇಲೆ ವ್ಯಕ್ತಿತ್ವವೆಂಬುದು ನಿಲ್ಲತಕ್ಕ ನೆಲೆ ಯಾವುದು? ಈಶ್ವರನ ಸರ್ವಶಕ್ತತ್ವವನ್ನು ಪ್ರತಿಪಾದಿಸಿದ ಮತಗಳು ಅದರ ಜೊತೆಜೊತೆಗೇ ಅವನ ಸಂಕಲ್ಪವು ಸತ್ಯವಾದುದು, ಚಂಚಲವಾದುದಲ್ಲ, ಎಂದು ಒತ್ತಿ ಹೇಳಿರುವುದರ ಹಿಂದೆ ಈ ಭಯವೇ ಇದೆಯೆಂದು ನನ್ನ ನಂಬಿಕೆ. ದುರ್ಬಲನಾದ ದೇವರನ್ನು ಭಕ್ತನು ಹೇಗೋ ಸಹಿಸಿಕೊಂಡಾನು. ಸರ್ವಶಕ್ತನಾಗಿದ್ದು ಭ್ರಾಂತಚಿತ್ತನಾದ ದೇವರ ಮುಂದೆ ಪ್ರಾರ್ಥನೆಗೆ ಸಹ ಅರ್ಥವುಳಿಯದು.

ಮತಮೀಮಾಂಸೆಯ ಈ ಪ್ರಾಚೀನ ಸಮಸ್ಯೆಯನ್ನು ನಮ್ಮ ಕಾಲದಲ್ಲಿ ಬಿಡದೆ ಹಿಡಿದವರು, ಕೇಳಿದವರಿಗೆ ಆಶ್ಚರ್ಯವೆನಿಸಬಹುದಾದರೂ, ಅಮೆರಿಕದ ಕಾಮಿಕ್ಸ್ ಕಥೆಗಾರರು. 1938ರಲ್ಲಿ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ತರುಣರಿಬ್ಬರ ಸೂಪರ್‌ಮ್ಯಾನ್ ಮೊದಲು ಅಚ್ಚಾದಾಗ ಅವನಿಗೆ ಹಾರುವುದಕ್ಕೇ ಬರುತ್ತಿರಲಿಲ್ಲ; ಎತ್ತರದ ಕಟ್ಟಡವೊಂದನ್ನು ನೆಗೆದು ದಾಟುವುದು ಅವನ ಅಳವಿನ ಕೊನೆ. ವರ್ಷಗಳು ಕಳೆದಂತೆ ಅವನ ಬಲವೂ, ಅವನ ಹಿಂದೆ ಹುಟ್ಟಿದವರ ಬಲವೂ ಏರುತ್ತ ಹೋಯಿತು. ಏರಿದ ಬಲಕ್ಕೆ ತಡೆಯೊಡ್ಡದೆ ಕಥೆ ನಡೆಯುವಂತಿರಲಿಲ್ಲ. ಮೊದಮೊದಲು ಆ ತಡೆಯನ್ನು ಹೊರಗಿನಿಂದ ತಂದರು: ಕ್ರಿಪ್ಟೊನೈಟ್ ಎಂಬ ವಿಷಶಿಲೆ ಅಂಥದು. ಅನಂತರದ ತಲೆಮಾರಿನ ಕಥೆಗಾರರು ತಡೆಯನ್ನು ವೀರನ ಒಳಗೇ ಇಟ್ಟರು. ದೇಹವನ್ನು ವಜ್ರದಂತೆ ಮಾಡಿ ಮನಸ್ಸನ್ನು ಒಡೆದರು. ಯುಕ್ತಿ ದೊಡ್ಡದು, ಆದರೆ ಆ ಯುಕ್ತಿಯಿಂದ ಬಂದ ಹೊಣೆಯನ್ನು ಎಲ್ಲರೂ ಹೊತ್ತರೆಂದು ಹೇಳಲಾಗದು.

ಈ ಬಗೆಯ ವೀರರಲ್ಲಿ ನನ್ನನ್ನು ಬಹುವಾಗಿ ಕಾಡಿರುವವನು ಸೆಂಟ್ರಿ. ಪಾಲ್ ಜೆಂಕಿನ್ಸ್ ಬರೆದು ಜೇ ಲೀ ಚಿತ್ರಿಸಿದ ಅವನ ಮೊದಲ ಕಥೆ 2000ದಲ್ಲಿ ಮಾರ್ವೆಲ್ ಸಂಸ್ಥೆಯಿಂದ ಪ್ರಕಟವಾಯಿತು. ರಾಬರ್ಟ್ ರೆನಾಲ್ಡ್ಸ್ ಎಂಬ, ಮೈ ಸ್ಥೂಲವಾದ, ಕುಡಿತಕ್ಕೆ ಸೋತ ನಡುವಯಸ್ಸಿನ ಗೃಹಸ್ಥನೊಬ್ಬನು ಒಂದು ರಾತ್ರಿ ಎಚ್ಚೆತ್ತು, ತಾನು ಒಂದು ಕಾಲದಲ್ಲಿ ಭೂಮಿಯ ವೀರರಲ್ಲೆಲ್ಲ ಅಗ್ರಗಣ್ಯನಾಗಿದ್ದುದನ್ನು ನೆನೆಯುತ್ತಾನೆ. ಹತ್ತು ಲಕ್ಷ ಸೂರ್ಯರು ಸಿಡಿದಷ್ಟು ಶಕ್ತಿ ಅವನದೆಂಬುದು ಆ ಕಥೆಗಳ ನಿತ್ಯೋಕ್ತಿ. ಆದರೆ ಅವನೊಬ್ಬನಿದ್ದನೆಂಬುದು ಲೋಕದಲ್ಲಿ ಯಾರಿಗೂ ನೆನಪಿಲ್ಲ. ಹಳೆಯ ಮಿತ್ರರೊಬ್ಬೊಬ್ಬರನ್ನೂ ಕಂಡು ಅವನೇ ಜ್ಞಾಪಿಸಬೇಕು. ನೆನಪುಗಳು ಮರಳಿದಂತೆಲ್ಲ ವಾಯ್ಡ್ ಎಂಬ ಕರಾಳಸತ್ತ್ವವೂ ಹತ್ತಿರವಾಗುತ್ತದೆ. ಕಡೆಗೆ ತಿಳಿದುಬರುವುದೇನೆಂದರೆ, ಆ ವಾಯ್ಡ್ ಬೇರೆ ಯಾರೂ ಅಲ್ಲ, ರಾಬರ್ಟನ ಮನಸ್ಸಿನದೇ ಇನ್ನೊಂದು ಮುಖ. ಸೆಂಟ್ರಿ ಮಾಡಿದ ಪ್ರತಿಯೊಂದು ಉಪಕಾರಕ್ಕೂ ಸರಿಸಮನಾದ ಅಪಕಾರವನ್ನು ವಾಯ್ಡ್ ಮಾಡಿಯೇ ತೀರುತ್ತಾನೆ. ಆದಕಾರಣ ಲೋಕವನ್ನು ಉಳಿಸುವ ಏಕೈಕ ಉಪಾಯವೆಂದರೆ ಲೋಕವೂ ಅವನೂ ಅವನನ್ನು ಮರೆಯುವುದು. ಹಿಂದೊಮ್ಮೆ ಹಾಗೆಯೇ ಮಾಡಿದ್ದರು. ಕಥೆಯ ಕೊನೆಯಲ್ಲಿ ಮತ್ತೊಮ್ಮೆ ಮಾಡುತ್ತಾರೆ.

ನಮ್ಮ ರಾಮಾಯಣ ಬಲ್ಲವರಿಗೆ ಇಲ್ಲಿ ಹನುಮಂತನ ನೆನಪಾಗದಿರದು. ಬಾಲ್ಯದಲ್ಲಿ ಆಶ್ರಮಗಳನ್ನು ಕಲಕಿದ ಆ ಮಹಾಬಲನಿಗೆ ಋಷಿಗಳು ಕೊಟ್ಟ ಶಾಪವೂ ಮರೆವೇ ತಾನೆ. ಯಾರಾದರೂ ಜ್ಞಾಪಿಸುವತನಕ ತನ್ನ ಬಲ ತನಗೆ ತಿಳಿಯದು. ಆದರೆ ಹನುಮಂತನ ಬಲ ನೆನಪಿಗೆ ಬಂದೊಡನೆ ಸಮುದ್ರಲಂಘನವಾಗುತ್ತದೆ. ರಾಬರ್ಟನ ಬಲ ನೆನಪಿಗೆ ಬಂದೊಡನೆ ಲೋಕ ನಡುಗುತ್ತದೆ. ಒಬ್ಬನಿಗೆ ರಾಮಕಾರ್ಯವುಂಟು, ಇನ್ನೊಬ್ಬನಿಗೆ ಬಲವಲ್ಲದೆ ಬೇರೇನೂ ಇಲ್ಲ. ಜೆಂಕಿನ್ಸರ ಕಥೆ ಈ ದೈನ್ಯವನ್ನು ಕಂಡಿತ್ತು. ಅದರ ನಾಯಕ ಹುಚ್ಚನಾಗಿದ್ದರೂ ಕಥೆಗೆ ಹುಚ್ಚು ಹಿಡಿದಿರಲಿಲ್ಲ. ಉಪಕಾರ ಅಪಕಾರಗಳ ಸಮತೆಯೆಂಬ ಒಂದು ಕಠಿಣ ನಿಯಮ ಅದನ್ನು ಮೊದಲಿನಿಂದ ಕೊನೆಯವರೆಗೆ ಆಳುತ್ತಿತ್ತು.

ಅಮೆರಿಕದ ದೊಡ್ಡ ಕಾಮಿಕ್ಸ್ ಸಂಸ್ಥೆಗಳಲ್ಲಿ ಪಾತ್ರವು ಲೇಖಕನ ಸ್ವತ್ತಲ್ಲ, ಸಂಸ್ಥೆಯ ಸ್ವತ್ತು. ಒಬ್ಬನು ಹೆತ್ತ ಕೂಸನ್ನು ಹತ್ತು ಜನ ಸಾಕುತ್ತಾರೆ. ನಾಲ್ಕೈದು ವರ್ಷಗಳ ಅನಂತರ ಬ್ರಯನ್ ಮೈಕೆಲ್ ಬೆಂಡಿಸ್ ಈ ಸೆಂಟ್ರಿಯನ್ನು ನ್ಯೂ ಅವೆಂಜರ್ಸ್ ಎಂಬ ಮಾಲಿಕೆಗೆ ತಂದರು. ಅಲ್ಲಿ ಅವನು, ಹೆಂಡತಿಯನ್ನು ತಾನೇ ಕೊಂದೆನೆಂದು ನಂಬಿ, ಯಾವ ಗೋಡೆಯೂ ತಡೆಯಲಾರದ ತಾನು ತಾನಾಗಿಯೇ ಸೆರೆಮನೆಯಲ್ಲಿ ಕುಳಿತಿದ್ದಾನೆ. ಹೆಂಡತಿ ಲಿಂಡಿಯಾದರೋ ಬದುಕಿಯೇ ಇದ್ದಾಳೆ. ಇದು ನಿಜವಾದ ವ್ಯಾಧಿಯ ಚಿತ್ರ. ನನಗೆ ಈ ಆರಂಭದ ಮೇಲೆ ಗೌರವವಿದೆ. ಆದರೆ ತಂಡದಲ್ಲಿ ಅವನಿದ್ದ ಮೇಲೆ ಯಾವ ಶತ್ರುವೂ ಒಂದು ಪುಟದಷ್ಟು ಹೊತ್ತು ನಿಲ್ಲುವಂತಿಲ್ಲವಲ್ಲ! ಕಾರ್ನೇಜ್ ಎಂಬ ಘೋರಪಾತಕಿಯನ್ನು ಆಕಾಶದಾಚೆಗೆ ಎತ್ತಿಕೊಂಡು ಹೋಗಿ ಸೀಳಿಹಾಕಿದವನು ಮುಂದಿನ ಕದನಗಳಲ್ಲಿ ಏಕೆ ಸುಮ್ಮನಿರಬೇಕು? ಉತ್ತರವಾಗಿ ಬಂದದ್ದು ಅವನ ಕಾಯಿಲೆ. ಬೇಡವಾದಾಗ ಮನೆಯಿಂದ ಹೊರಡಲು ಅವನಿಗೆ ಭಯ. ಬೇಕಾದಾಗ ಆ ಭಯವಿಲ್ಲ. 2007ರ ವರ್ಲ್ಡ್ ವಾರ್ ಹಲ್ಕ್ ಎಂಬ ಐದು ಸಂಚಿಕೆಗಳ ಕಥೆಯಲ್ಲಿ ಹಲ್ಕ್ ಎಂಬ ದೈತ್ಯನ ಕೋಪಕ್ಕೆ ನ್ಯೂಯಾರ್ಕ್ ನಗರ ಪುಡಿಯಾಗುತ್ತಿದ್ದರೂ ಸೆಂಟ್ರಿ ಹೊರಬರಲಾರದೆ ತೊಳಲುತ್ತಾನೆ. ಹೊರಬಂದು ಹಲ್ಕನೊಡನೆ ಹೆಣಗುವುದು ಕಡೆಯ ಸಂಚಿಕೆಯಲ್ಲಿ. ಮೊದಲನೆಯದರಲ್ಲಿಯೇ ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೆಂಬುದು ಓದುಗನಿಗೆ ತಿಳಿಯದ ಗುಟ್ಟಲ್ಲ. ಕೆರೆಯ ತೂಬಿನಂತೆ ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚುವ ಸಾಧನವಾಗಿ ಒಬ್ಬನ ಸಂಕಟವನ್ನು ಬಳಸಿಕೊಂಡದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ನೋವಿಗೆ ಕಾರಣ ಕಲೆಯ ಲೋಪವೊಂದೇ ಅಲ್ಲ. ಚಿತ್ತವ್ಯಾಧಿಯೆಂದರೆ ನಿಯಮವಿಲ್ಲದ ಸ್ಥಿತಿಯೆಂದು ತಿಳಿದವರು ಆ ವ್ಯಾಧಿಯವರ ಬಳಿ ಕುಳಿತವರಲ್ಲ. ಬಾಗಿಲು ದಾಟಲು ಅಂಜುವವನಿಗೆ ಯಾವ ಬೀದಿಯ ಯಾವ ತಿರುವಿನವರೆಗೆ ಹೋಗಬಲ್ಲೆನೆಂಬುದು ಗೊತ್ತು. ಯಾರು ಜೊತೆಗಿದ್ದರೆ ಇನ್ನೂ ನಾಲ್ಕು ಹೆಜ್ಜೆ ಇಡಬಹುದೆಂಬುದು ಗೊತ್ತು. ಹೊರಟ ದಿನ ಏನನ್ನು ಮುಟ್ಟಿ ಹೊರಡಬೇಕು, ಯಾವ ಹೊತ್ತು ತಪ್ಪಿದರೆ ಆ ದಿನ ಹೋಗಲಾಗದು ಎಂಬುದೆಲ್ಲವೂ ಗೊತ್ತು. ಆರೋಗ್ಯವಂತರಾದ ನಾವು ದಿನವನ್ನು ಸಡಿಲವಾಗಿ ಕಳೆಯುತ್ತೇವೆ. ವ್ಯಾಧಿಗ್ರಸ್ತನ ದಿನವೇ ಬಿಗಿಯಾದದ್ದು. ಅವನ ಭಯಕ್ಕೆ ಚರಿತ್ರೆಯಿದೆ, ಎಲ್ಲೆಯಿದೆ, ಅದು ಹೆಚ್ಚುವುದಕ್ಕೂ ಇಳಿಯುವುದಕ್ಕೂ ಕಾರಣವಿದೆ. ಹೊರಗಿನಿಂದ ನೋಡುವವನಿಗೆ ಕಾರಣ ಕಾಣದೆ ಹೋದರೆ ಅದು ನೋಡುವವನ ಕೊರತೆ. ಹುಚ್ಚನು ಏನು ಬೇಕಾದರೂ ಮಾಡಿಯಾನು ಎಂಬ ಮಾತನ್ನು ಲೇಖಕನು ತನ್ನ ಅನುಕೂಲಕ್ಕೆ ಬಳಸಿಕೊಂಡಾಗ, ಆ ಮಾತಿನಿಂದಲೇ ಊರಿನಲ್ಲಿ ದೂರವಿಡಲ್ಪಟ್ಟ ಎಷ್ಟೋ ನಿರಪರಾಧಿಗಳ ಮೇಲೆ ಇನ್ನೊಂದು ಕಲ್ಲನ್ನು ಹೇರಿದಂತಾಗುತ್ತದೆ.

ಹಾಗಾದರೆ ಎಲ್ಲೆಯಿಲ್ಲದ ಬಲಕ್ಕೆ ನಿಯಮವೆಲ್ಲಿಂದ ಬರಬೇಕು? ಬಾದರಾಯಣರ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಇದಕ್ಕೆ ಬಹು ಸಮೀಪವಾದ ಒಂದು ವಿಚಾರವುಂಟು. ಲೋಕದಲ್ಲಿ ಒಬ್ಬನು ಸುಖಿ, ಒಬ್ಬನು ದುಃಖಿ. ಸೃಷ್ಟಿಸಿದವನು ಸರ್ವಶಕ್ತನೇ ಆಗಿದ್ದಲ್ಲಿ ಅವನು ಪಕ್ಷಪಾತಿಯೂ ನಿರ್ದಯನೂ ಆಗಲೇಬೇಕೆಂಬುದು ಪೂರ್ವಪಕ್ಷ. ಹಾಗಲ್ಲ, ಅವನ ಸೃಷ್ಟಿ ಜೀವಿಗಳ ಕರ್ಮವನ್ನು ಅಪೇಕ್ಷಿಸಿ ನಡೆಯತಕ್ಕದ್ದು, ಎಂಬುದು ಸಿದ್ಧಾಂತ. ಶಂಕರರು ಇಲ್ಲಿ ಮಳೆಯ ದೃಷ್ಟಾಂತವನ್ನು ಕೊಡುತ್ತಾರೆ: ಭತ್ತಕ್ಕೂ ಜವೆಗೂ ಮಳೆ ಸಮಾನವಾದ ಕಾರಣ, ಒಂದು ಭತ್ತವಾಗಿ ಒಂದು ಜವೆಯಾಗಿ ಬೆಳೆಯುವುದಕ್ಕೆ ಆಯಾ ಬೀಜದ ಸಾಮರ್ಥ್ಯವೇ ಕಾರಣ. ಇದಕ್ಕೆ ಹಿಂದಿನ ಸೂತ್ರದಲ್ಲಿ ಸೃಷ್ಟಿಯನ್ನು ಲೀಲೆಯೆಂದು ಕರೆದವರೇ, ಮರುಕ್ಷಣದಲ್ಲಿ ಆ ಲೀಲೆಗೆ ಈ ಕಟ್ಟನ್ನು ಹಾಕಿದರೆಂಬುದನ್ನು ಗಮನಿಸಬೇಕು. ಲೀಲೆಯೆಂಬುದೇನೋ ಸರಿ, ಆದರೆ ಮನಬಂದಂತೆ ಅಲ್ಲ. ಈಶ್ವರನ ಸ್ವಾತಂತ್ರ್ಯಕ್ಕೆ ಇದರಿಂದ ಕುಂದು ಬಂದಿತೇ ಎಂದು ವಾದಿಸುವವರು ವಾದಿಸಲಿ. ಈ ಸಾಪೇಕ್ಷತೆಯಿಲ್ಲದೆ ಈಶ್ವರನು ಪೂಜಾರ್ಹನಾಗಲಾರನೆಂಬುದು ಮಾತ್ರ ನನಗೆ ಸ್ಪಷ್ಟ.

ಕಥೆಗಾರನೂ ತನ್ನ ಚಿಕ್ಕ ಜಗತ್ತಿಗೆ ಸರ್ವಶಕ್ತನೇ. ನ್ಯೂ ಅವೆಂಜರ್ಸ್ ಕಥೆಯಲ್ಲಿ ಪಾಲ್ ಜೆಂಕಿನ್ಸ್ ಎಂಬ ಕಾಮಿಕ್ಸ್ ಲೇಖಕನೇ ಒಂದು ಪಾತ್ರವಾಗಿ ಪ್ರವೇಶಿಸುತ್ತಾನೆ. ಸೃಷ್ಟಿಸಿದವನು ಸೃಷ್ಟಿಯೊಳಗೆ ಬಂದು ನಿಲ್ಲುವ ಆ ಪ್ರಸಂಗವನ್ನು ಕೇವಲ ಚಮತ್ಕಾರವೆಂದು ನಾನು ಓದಲಾರೆ. ಪಾತ್ರದ ಪೂರ್ವಕರ್ಮ ಎಂಬುದು, ಅಂದರೆ ಹಿಂದಿನ ಸಂಚಿಕೆಗಳಲ್ಲಿ ಅವನು ಮಾಡಿದ್ದು, ಪಟ್ಟದ್ದು, ಅಂಜಿದ್ದು, ಇದಕ್ಕೆಲ್ಲ ಅಧೀನನಾಗಿ ಬರೆಯುವವನು ವೇದಾಂತದ ಈಶ್ವರನಂಥವನು. ಅವುಗಳನ್ನು ಬದಿಗೊತ್ತಿ, ಈ ತಿಂಗಳ ಕಥೆಗೆ ಬೇಕಾದದ್ದನ್ನಷ್ಟೇ ಮಾಡಿಸುವವನು ಪೂರ್ವಪಕ್ಷದ ನಿರ್ದಯನಾದ ಈಶ್ವರ.

ನಿಯಮವಿಟ್ಟು ಬರೆದ ನಿದರ್ಶನಗಳು ಇಲ್ಲದಿಲ್ಲ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1962ರಲ್ಲಿ ಸೃಷ್ಟಿಸಿದ ಹಲ್ಕ್ ಮೊದಲು ರಾತ್ರಿಯಾದೊಡನೆ ರೂಪಾಂತರ ಹೊಂದುತ್ತಿದ್ದನು. ಬೇಗನೆ ಆ ನಿಯಮ ಬದಲಾಗಿ, ಕೋಪವೇ ರೂಪಾಂತರಕ್ಕೂ ಬಲಕ್ಕೂ ಕಾರಣವಾಯಿತು. ಕೋಪವೇರಿದಷ್ಟೂ ಬಲವೇರುವುದೆಂಬ ಈ ಒಂದೇ ಸೂತ್ರವನ್ನು ಹಿಡಿದು ಎಷ್ಟೊಂದು ಲೇಖಕರು ಎಷ್ಟೊಂದು ದಶಕ ಬರೆದರೂ ಪಾತ್ರ ಚದರಲಿಲ್ಲ. 1985ರಲ್ಲಿ ಬಿಲ್ ಮ್ಯಾಂಟ್ಲೋ ಆ ಕೋಪಕ್ಕೆ ಬೇರನ್ನು ತೋರಿಸಿದರು: ಹಲ್ಕನಾಗಿ ಮಾರ್ಪಡುವ ಬ್ರೂಸ್ ಬ್ಯಾನರನನ್ನು ಬಾಲ್ಯದಲ್ಲಿ ಹಿಂಸಿಸಿದ ತಂದೆ. ಸಿಡಿಲಿನಂಥ ಬಲದ ಹಿಂದೆ, ಹೊಡೆತ ತಿಂದು ಅಳಲೂ ಅಂಜಿದ ಮಗುವೊಂದು ಕಂಡಮೇಲೆ, ಹಲ್ಕನ ಆರ್ಭಟವೊಂದೊಂದೂ ಆ ಮಗುವಿನ ತಡವಾದ ಉತ್ತರವಾಗಿ ಕೇಳಿಸತೊಡಗಿತು. ಇನ್ನು ಅದೇ 1985ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಬಿಲ್ ಸಿಂಕೆವಿಚ್ ಚಿತ್ರಿಸಿದ ಡೇವಿಡ್ ಹಾಲರ್, ಲೀಜನ್ ಎಂಬವನು, ಒಡೆದ ಮನಸ್ಸಿನ ತರುಣ. ಅವನೊಳಗಿನ ಒಂದೊಂದು ವ್ಯಕ್ತಿತ್ವಕ್ಕೂ ಒಂದೊಂದು ಶಕ್ತಿ ಅಧೀನ. ವಸ್ತುಗಳನ್ನು ಮುಟ್ಟದೆ ಎತ್ತಬಲ್ಲವನು ಜ್ಯಾಕ್ ವೇಯ್ನ್. ಬೆಂಕಿಯ ಒಡತಿ ಸಿಂಡಿ. ಪರಚಿತ್ತವನ್ನು ಓದುವವನು ಜಮೀಲ್. ಯಾರು ಎಚ್ಚೆತ್ತಿದ್ದಾರೆಂದು ತಿಳಿದರೆ ಏನಾಗಬಹುದೆಂಬುದೂ ತಿಳಿಯುತ್ತದೆ. ಅವನು ಭೀಕರನು, ಆದರೆ ಓದುಗನಿಗೆ ಮೋಸಮಾಡುವವನಲ್ಲ.

ಈ ವಿಷಯದಲ್ಲಿ ನಮ್ಮ ಮಹಾಭಾರತದ ಸೌಪ್ತಿಕಪರ್ವವನ್ನು ಮೀರಿಸಿದ ಕೃತಿಯನ್ನು ನಾನು ಕಂಡಿಲ್ಲ. ಅಶ್ವತ್ಥಾಮನು ತಂದೆಯ ವಧೆಯಿಂದ ಚಿತ್ತಕ್ಷೋಭೆಗೊಂಡವನು. ಮಲಗಿದ್ದವರನ್ನು ರಾತ್ರಿಯಲ್ಲಿ ಕೊಂದು, ಗಂಗಾತೀರದಲ್ಲಿ ವ್ಯಾಸರ ಬಳಿ ಮೈಗೆ ತುಪ್ಪ ಬಳಿದುಕೊಂಡು ಕುಳಿತಿರುತ್ತಾನೆ. ಭೀಮನು ಬರುವುದನ್ನು ಕಂಡೊಡನೆ ಹೆದರಿ ಒಂದು ಹುಲ್ಲುಕಡ್ಡಿಯನ್ನು ಕಿತ್ತು ಬ್ರಹ್ಮಶಿರೋಸ್ತ್ರವನ್ನು ಅಭಿಮಂತ್ರಿಸುತ್ತಾನೆ. ಲೋಕವನ್ನು ಸುಡಬಲ್ಲ ಅಸ್ತ್ರ, ನಡುಗುವ ಕೈಯಲ್ಲಿ ಒಂದು ಕಡ್ಡಿ! ಅರ್ಜುನನೂ ಅದೇ ಅಸ್ತ್ರವನ್ನು ಬಿಡುತ್ತಾನೆ. ಋಷಿಗಳು ಮಧ್ಯೆ ನಿಂತು ಹಿಂದಕ್ಕೆ ತೆಗೆದುಕೊಳ್ಳಿರೆನ್ನುತ್ತಾರೆ. ಅರ್ಜುನನು ತೆಗೆದುಕೊಳ್ಳುತ್ತಾನೆ, ಅಶ್ವತ್ಥಾಮನಿಗೆ ಆಗುವುದಿಲ್ಲ. ಪ್ರಯೋಗ ಇಬ್ಬರಿಗೂ ಬರುತ್ತದೆ; ಉಪಸಂಹಾರವು ಇಂದ್ರಿಯನಿಗ್ರಹವುಳ್ಳವನಿಗೆ ಮಾತ್ರ ಸಾಧ್ಯ. ಬಲದ ಪ್ರಮಾಣದಲ್ಲಿ ಇಬ್ಬರಿಗೂ ಭೇದವಿಲ್ಲ, ಬಲಕ್ಕೂ ಚಿತ್ತಕ್ಕೂ ಇರುವ ಸಂಬಂಧದಲ್ಲಿದೆ ಭೇದವೆಲ್ಲವೂ. ಈ ನಿಯಮ ಅಲ್ಲಿ ಥಟ್ಟನೆ ಹುಟ್ಟಿದ್ದೂ ಅಲ್ಲ: ಹಿಂದೊಮ್ಮೆ ಅಶ್ವತ್ಥಾಮನು ಕೃಷ್ಣನ ಚಕ್ರವನ್ನೇ ಬೇಡಿ, ಕೊಡುತ್ತೇನೆ ತೆಗೆದುಕೋ ಎಂದಾಗ ಎಡಗೈಯಿಂದ ಎತ್ತಲಾರದೆ, ಬಲಗೈಯಿಂದ ಎತ್ತಲಾರದೆ, ಸೋತು ಹಿಂದಿರುಗಿದ ವೃತ್ತಾಂತವನ್ನು ಕವಿ ಈ ಪ್ರಸಂಗದ ಮೊದಲೇ ಕೃಷ್ಣನ ಬಾಯಿಂದ ಹೇಳಿಸಿದ್ದಾನೆ. ಆದ್ದರಿಂದ ಅಸ್ತ್ರವು ಗರ್ಭಗಳ ಮೇಲೆ ತಿರುಗಿದಾಗ ನಮಗೆ ಭಯವಾಗುತ್ತದೆಯೇ ಹೊರತು, ಇದೇನು ಹೀಗೆ ಎನಿಸುವುದಿಲ್ಲ. ಅವನು ಅವನಂತೆಯೇ ನಡೆದುಕೊಂಡಿದ್ದಾನೆ.

ಇನ್ನು ದೋಷ ಯಾರದೆಂಬ ಪ್ರಶ್ನೆ. ಕಾಮಿಕ್ಸ್ ಲೋಕ ಇದರೊಡನೆ ಒಮ್ಮೆ ಪ್ರಾಮಾಣಿಕವಾಗಿ ಸೆಣಸಿದ್ದುಂಟು. 1980ರ ಎಕ್ಸ್-ಮೆನ್ ಕಥೆಯಲ್ಲಿ ಜೀನ್ ಗ್ರೇ ಎಂಬಾಕೆ ಫೀನಿಕ್ಸ್ ಎಂಬ ಅಪಾರಶಕ್ತಿಯನ್ನು ಪಡೆದು, ಪರರ ಕುಟಿಲದಿಂದ ಮನಸ್ಸು ಕೆಟ್ಟು, ಹಸಿವಿನ ಭರದಲ್ಲಿ ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಅದರ ಸುತ್ತ ತಿರುಗುತ್ತಿದ್ದ ಗ್ರಹದ ಜೀವಕೋಟಿಯೆಲ್ಲ ಸುಟ್ಟುಹೋಗುತ್ತದೆ. ಬರೆದ ಕ್ಲೇರ್‌ಮಾಂಟ್, ಚಿತ್ರಿಸಿದ ಜಾನ್ ಬರ್ನ್, ಇಬ್ಬರೂ ಯೋಚಿಸಿದ್ದ ಮುಕ್ತಾಯದಲ್ಲಿ ಅವಳ ಶಕ್ತಿಯನ್ನು ಕಿತ್ತುಕೊಂಡು ಅವಳನ್ನು ಬದುಕಲು ಬಿಡಲಾಗುತ್ತಿತ್ತು. ಪ್ರಧಾನ ಸಂಪಾದಕರಾಗಿದ್ದ ಜಿಮ್ ಶೂಟರ್ ಒಪ್ಪಲಿಲ್ಲ. ಅಷ್ಟು ಜೀವಹತ್ಯೆಗೆ ಇಷ್ಟೇ ಫಲವೇ ಎಂಬುದು ಅವರ ಆಕ್ಷೇಪ. ಮುಕ್ತಾಯ ಬದಲಾಯಿತು, 137ನೆಯ ಸಂಚಿಕೆಯಲ್ಲಿ ಜೀನ್, ತನ್ನೊಳಗಿನದು ಮತ್ತೆ ಎದ್ದೀತೆಂದು ತಿಳಿದು, ಇನ್ನೂ ತಾನಾಗಿರುವ ಕ್ಷಣದಲ್ಲಿಯೇ ಪ್ರಾಣ ಬಿಡುತ್ತಾಳೆ. ದಂಡವೆಂದು ಸಂಪಾದಕರು ಕೇಳಿದ್ದು ಕಥೆಗಾರರ ಕೈಯಲ್ಲಿ ಸಂಕಲ್ಪವಾಗಿ ಮಾರ್ಪಟ್ಟಿತು. ಚಿತ್ತ ಕೆಟ್ಟವಳಿಗೂ ಒಂದು ಸ್ವಸ್ಥಕ್ಷಣವುಂಟು, ಆ ಕ್ಷಣದಲ್ಲಿ ಅವಳು ಪೂರ್ಣ ಸ್ವತಂತ್ರಳು ಎಂದು ಒಪ್ಪಿಕೊಂಡದ್ದೇ ಆ ಕಥೆಯ ಹಿರಿಮೆ.

ಆದರೆ 1986ರಲ್ಲಿ ಜೀನಳನ್ನು ಮರಳಿ ತರಬೇಕೆನಿಸಿತು. ಗ್ರಹವನ್ನು ಸುಟ್ಟವಳು ಜೀನ್ ಅಲ್ಲವೇ ಅಲ್ಲ, ಅವಳ ರೂಪ ಧರಿಸಿದ್ದ ಬೇರೊಂದು ಸತ್ತ್ವ. ನಿಜವಾದ ಜೀನ್ ಅಷ್ಟು ಕಾಲವೂ ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ತಳದಲ್ಲಿ ಒಂದು ಕೋಶದೊಳಗೆ ಮಲಗಿದ್ದಳು, ಎಂದು ಬರೆದರು. ಹೀಗೆ ಹಿಂದಿನ ಕಥೆಯನ್ನು ಹಿಂದಿನಿಂದ ತಿದ್ದುವುದನ್ನು ಅಲ್ಲಿಯವರು ರೆಟ್‌ಕಾನ್ ಎನ್ನುತ್ತಾರೆ. ಸ್ಕಾರ್ಲೆಟ್ ವಿಚ್ ಎಂಬ ವಾಂಡಾಳಿಗೂ ಇದೇ ಗತಿ: 2005ರ ಹೌಸ್ ಆಫ್ ಎಮ್ ಕಥೆಯಲ್ಲಿ ಶೋಕದಿಂದ ಬುದ್ಧಿ ಕದಲಿದ ಆಕೆಯ ಒಂದೇ ಮಾತಿನಿಂದ ಹುಟ್ಟಿನಿಂದಲೇ ಅಸಾಧಾರಣ ಶಕ್ತಿಯುಳ್ಳ ಮ್ಯೂಟೆಂಟ್ ಕುಲವೇ ಬಹುಮಟ್ಟಿಗೆ ಅಳಿಯಿತು, ಕೆಲವು ವರ್ಷಗಳ ಮೇಲೆ ಬಂದ ಇನ್ನೊಂದು ಕಥೆಯಲ್ಲಿ ಡಾಕ್ಟರ್ ಡೂಮ್ ಎಂಬ ಖಳನು ಮುಂದೆ ಬಂದು ಹೊಣೆಯನ್ನು ತನ್ನ ಮೇಲೆ ಹಾಕಿಕೊಂಡನು. ಮೊದಲು ಹೆಣ್ಣಿನ ಮನಸ್ಸು ಇಷ್ಟು ಬಲವನ್ನು ತಾಳಲಾರದೆಂದು ಬರೆಯುವುದು, ಆಮೇಲೆ ಆ ಕೃತ್ಯ ಅವಳದಲ್ಲವೆಂದು ಬರೆಯುವುದು: ಎರಡರಲ್ಲಿಯೂ ಅವಳನ್ನು ಕರ್ತೃವೆಂದು ಎಣಿಸಿದ್ದೇ ಇಲ್ಲ. ಇದು ಕ್ಷಮೆಯಲ್ಲ. ಕ್ಷಮಿಸುವುದಕ್ಕೆ ಮಾಡಿದವನೊಬ್ಬನು ಬೇಕು. ನಳೋಪಾಖ್ಯಾನದಲ್ಲಿ ಕಲಿಯ ಆವೇಶವನ್ನು ಕವಿ ಮರೆಮಾಚುವುದಿಲ್ಲ. ಆದರೂ ದಮಯಂತಿಯನ್ನು ಕಾಡಿನಲ್ಲಿ ಬಿಟ್ಟುಹೋದ ಕಾಲುಗಳು ನಳನವೇ. ಹೋಗಿ ಹೋಗಿ ಹಿಂದಿರುಗಿ ಬಂದು ನೋಡಿದವನೂ ನಳನೇ.

ಇವೆಲ್ಲಕ್ಕಿಂತ ಕಠೋರವಾದದ್ದು ಆಲನ್ ಮೂರ್ ಬರೆದ ಮಿರಾಕಲ್‌ಮ್ಯಾನ್. ಅಲ್ಲಿ ಜಾನಿ ಬೇಟ್ಸ್ ಎಂಬ ಹುಡುಗನೊಳಗೆ ಲೋಕಕಂಟಕನೊಬ್ಬನಿದ್ದಾನೆ. ಒಂದು ಶಬ್ದವನ್ನು ಉಚ್ಚರಿಸಿದರೆ ಅವನು ಹೊರಬರುತ್ತಾನೆ. ಒಳಗಿನವನು ಹಗಲಿರುಳೂ ಆ ಶಬ್ದವನ್ನಾಡೆಂದು ಪೀಡಿಸುತ್ತಿದ್ದರೂ ಹುಡುಗನು ಹಲ್ಲು ಕಚ್ಚಿ ತಡೆದುಕೊಂಡಿರುತ್ತಾನೆ. ಅವನನ್ನಿಟ್ಟಿದ್ದ ಮನೆಯಲ್ಲಿ ಇತರ ಹುಡುಗರ ಹಿಂಸೆ ಮಿತಿಮೀರಿದಾಗ ಶಬ್ದ ಹೊರಡುತ್ತದೆ, 1988ರ ಸಂಚಿಕೆಯಲ್ಲಿ ಲಂಡನ್ ನಗರ ಮಸಣವಾಗುತ್ತದೆ. ಕಡೆಗೆ ಗಾಯದ ನೋವು ತಾಳಲಾರದೆ ಆ ಕಂಟಕನು ಶಬ್ದವನ್ನು ನುಡಿದು ಮತ್ತೆ ಹುಡುಗನಾದಾಗ, ಮಿರಾಕಲ್‌ಮ್ಯಾನ್ ಅಳುತ್ತಿರುವ ಆ ಬಾಲಕನನ್ನು ಕೈಗೆ ತೆಗೆದುಕೊಂಡು ಕೊಲ್ಲುತ್ತಾನೆ. ನಿರಪರಾಧಿಯ ವಧೆಯಿಂದಲೇ ಲೋಕ ಉಳಿಯಬೇಕೆಂದಾಗ ಧರ್ಮ ಯಾವುದು? ಮೂರ್ ಉತ್ತರ ಹೇಳುವುದಿಲ್ಲ. ಅಶ್ವತ್ಥಾಮನನ್ನು ಕೊಲ್ಲದೆ, ಶಿರೋಮಣಿಯನ್ನು ತೆಗೆದು, ಮೂರು ಸಾವಿರ ವರ್ಷ ಅಲೆಯಲು ಬಿಟ್ಟ ನಮ್ಮ ಕವಿಯ ತೀರ್ಪು ಇದಕ್ಕಿಂತ ದಯೆಯುಳ್ಳದ್ದೋ ಕ್ರೂರವಾದದ್ದೋ ನಾನು ಹೇಳಲಾರೆ. ಎರಡರಲ್ಲಿಯೂ ಬಲಕ್ಕೂ ಚಿತ್ತಕ್ಕೂ ನಡುವಣ ನಿಯಮ ತಪ್ಪದೆ ನಡೆದುಬಂದಿರುವುದರಿಂದ, ಪ್ರಶ್ನೆ ನಿಜವಾದ ಪ್ರಶ್ನೆಯಾಗಿ ನಮ್ಮೆದುರು ನಿಲ್ಲುತ್ತದೆಂಬುದನ್ನು ಮಾತ್ರ ಬಲ್ಲೆ.

ಸೆಂಟ್ರಿಗೂ ಅಂಥ ಒಂದು ನಿಯಮ ಮರಳಿ ದೊರಕಿತ್ತು. 2010ರ ಸೀಜ್ ಕಥೆಯಲ್ಲಿ ಅವನು ಯುದ್ಧದೇವತೆ ಏರೀಸನನ್ನು ಎರಡು ಸೀಳಾಗಿ ಹರಿದು, ದೇವತೆಗಳ ನಗರವಾದ ಅಸ್ಗಾರ್ಡನ್ನು ಕೆಡವಿ, ಸಿಡಿಲಿನ ದೇವನಾದ ಥಾರನ ಕೈಯಲ್ಲಿ ಸತ್ತು ಸೂರ್ಯನೊಳಗೆ ಎಸೆಯಲ್ಪಟ್ಟಿದ್ದನು. ಅವನು ಮತ್ತೆ ಬದುಕಿ ಬಂದಮೇಲೆ, 2018ರಲ್ಲಿ ಜೆಫ್ ಲೆಮಿರ್ ಬರೆದ ಐದು ಸಂಚಿಕೆಗಳಲ್ಲಿ, ರಾಬರ್ಟ್ ರೆನಾಲ್ಡ್ಸ್ ಒಂದು ಸಣ್ಣ ಹೋಟೆಲಿನಲ್ಲಿ ಅಡುಗೆಯ ಕೆಲಸಕ್ಕಿದ್ದಾನೆ. ದಿನಕ್ಕೊಮ್ಮೆ, ತಪ್ಪದೆ, ಒಂದು ಯಂತ್ರದ ಮೂಲಕ ಮನಸ್ಸಿನೊಳಗೇ ಕಟ್ಟಿಕೊಟ್ಟ ಜಗತ್ತಿಗೆ ಅವನು ಹೋಗಬೇಕು. ಅಲ್ಲಿ ಸೆಂಟ್ರಿಯಾಗಿ ವಾಯ್ಡನೊಡನೆ ಕಾದಾಡಿ ಮರಳಬೇಕು. ಒಂದು ದಿನ ತಪ್ಪಿದರೆ ಹೊರಗಿನ ಜಗತ್ತಿಗೆ ಉಳಿಗಾಲವಿಲ್ಲ. ಒಲೆಯ ಮುಂದೆ ನಿಂತವನು ಗಡಿಯಾರವನ್ನು ನೋಡಿದರೆ ಸಾಕು, ಓದುವವರ ಎದೆ ಹೊಡೆದುಕೊಳ್ಳುತ್ತದೆ. ನಿತ್ಯಕರ್ಮದಂತೆ ಔಷಧಿಯನ್ನು ತೆಗೆದುಕೊಂಡು ಕೆಲಸಕ್ಕೆ ಹೋಗುವ ಸಾವಿರಾರು ಜನರ ಸದ್ದಿಲ್ಲದ ಶೌರ್ಯವನ್ನು ಒಬ್ಬ ಲೇಖಕ ಕಂಡು ಗೌರವಿಸಿದ್ದನು. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. 2020ರ ಕೊನೆಗೆ ಆರಂಭವಾದ ಕಿಂಗ್ ಇನ್ ಬ್ಲ್ಯಾಕ್ ಎಂಬ ಇನ್ನೊಬ್ಬರ ಕಥೆಯ ಮೊದಲ ಸಂಚಿಕೆಯಲ್ಲಿಯೇ, ಹೊಸದಾಗಿ ಬಂದ ಶತ್ರುವಾದ ನಲ್ ಎಂಬವನ ಬಲ ಎಷ್ಟೆಂದು ತೋರಿಸುವುದಕ್ಕಾಗಿ ಸೆಂಟ್ರಿಯನ್ನು ಆಕಾಶಕ್ಕೆ ಹಾರಿಸಿ, ಹಿಂದೆ ಏರೀಸನಿಗೆ ಆದಂತೆಯೇ, ಅವನನ್ನು ಎರಡು ಸೀಳಾಗಿ ಹರಿಸಿದರು. ಆ ಐದು ಸಂಚಿಕೆಗಳಲ್ಲಿ ದಿನದಿನವೂ ತನ್ನ ಚಿತ್ತವನ್ನು ಕಾದುಕೊಂಡಿದ್ದ ಮನುಷ್ಯನ ಯಾವ ಕರ್ಮವನ್ನು ಅಪೇಕ್ಷಿಸಿ ಈ ಫಲವನ್ನು ಬರೆದರೆಂದು ಆ ಪುಟಗಳನ್ನು ಮತ್ತೆ ಮತ್ತೆ ತಿರುವಿ ನೋಡಿದ್ದೇನೆ, ಕಾಣಲಿಲ್ಲ.